ಓದಲಿ ಅಂತ ಕೊಡಿಸಿದ ಫೋನು ಈಗ ಓದಲು ಬಿಡುತ್ತಿಲ್ಲ. ಇದರಿಂದ ಹೊರಗೆ ಬಂದವರು ಇದ್ದೀರಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಊರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಹೇಳಿಕೊಳ್ಳಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊನ್ನೆ ಬುಧವಾರ ರಾತ್ರಿ. ಮರುದಿನ ಕೆಮಿಸ್ಟ್ರಿ ಇಂಟರ್ನಲ್ಸ್ ಇತ್ತು. ಹತ್ತೂವರೆಗೆ ನೋಟ್ಸ್ ಓದೋಣ ಅಂತ ಫೋನ್ ತೆಗೆದೆ. ನೋಟ್ಸ್ ಇರುವುದು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ. ಪಿಡಿಎಫ್ ಹುಡುಕುತ್ತಿದ್ದಾಗ ಮೇಲಿನಿಂದ ಗೆಳತಿಯ ಮೆಸೇಜು ಇಳಿಯಿತು, ಒಂದು ರೀಲ್ ಕಳಿಸಿದ್ದಳು. ಇದೊಂದು ನೋಡಿಬಿಡೋಣ ಅಂದುಕೊಂಡೆ. ನಮ್ಮ ರೂಮಿನಲ್ಲಿ ಸ್ವಿಚ್ ಬೋರ್ಡ್ ಇರುವುದು ಮಂಚದ ಕಾಲ ಕಡೆ, ಚಾರ್ಜರ್ ವೈರು ಗಿಡ್ಡ, ಅದಕ್ಕೆ ನಾನು ದಿಂಬನ್ನು ಕಾಲ ಕಡೆ ಹಾಕಿಕೊಂಡು ತಿರುಗಿ ಮಲಗುತ್ತೇನೆ, ಹಾಸ್ಟೆಲ್ ಸೇರಿದ ದಿನದಿಂದ ಹಾಗೇ. ಹೊದಿಕೆ ತಲೆ ಮೇಲೆ ಎಳೆದುಕೊಂಡು ನೋಡುತ್ತಾ ಹೋದೆ. ಫೋನ್ ಕೆನ್ನೆಗೆ ತಾಗಿ ಬಿಸಿ ಅನ್ನಿಸಿದಾಗ ಗಂಟೆ ನೋಡಿದೆ. ಎರಡು ಐವತ್ತು. ಕಿರುಬೆರಳಿನಲ್ಲಿ ಫೋನಿನ ಅಂಚು ಒತ್ತಿ ಕೆಂಪು ಗೆರೆ ಮೂಡಿತ್ತು. ಇಷ್ಟು ಹೊತ್ತು ಏನು ನೋಡಿದೆ ಅಂತ ನೆನಪು ಮಾಡಿಕೊಂಡರೆ ಒಂದು ನಾಯಿಮರಿ, ಯಾರದೋ ಮದುವೆಯ ಡ್ಯಾನ್ಸು. ಅಷ್ಟೇ. ಪಿಡಿಎಫ್ ತೆರೆದೇ ಇರಲಿಲ್ಲ.

ಈ ಫೋನ್ ನಮ್ಮ ಮನೆಗೆ ಬಂದದ್ದು 2020ರಲ್ಲಿ, ಶಾಲೆ ಮುಚ್ಚಿದಾಗ. ಅಪ್ಪ ಅಡಿಕೆ ವ್ಯಾಪಾರಿಯ ಹತ್ತಿರ ಮುಂಗಡ ತಗೊಂಡು ಮೊದಲ ಫೋನ್ ಕೊಡಿಸಿದರು. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಗುಡ್ಡ ಹತ್ತಿ, ಟಾರ್ಪಾಲು ಕಟ್ಟಿಕೊಂಡು, ಜಿಗಣೆ ಕಿತ್ತು ಹಾಕುತ್ತಾ ಪಾಠ ಕೇಳಿದವರು ನಾವು. ಆಗ ಡೇಟಾ ಮುಗಿದು ಹೋದರೆ ಅಂತ ಹೆದರಿ ವಿಡಿಯೋ ಒಂದನ್ನೂ ಸುಮ್ನೆ ನೋಡುತ್ತಿರಲಿಲ್ಲ. ಅದೇ ನಾನು ಈಗ ದಿನಕ್ಕೆ 6 ಗಂಟೆ 40 ನಿಮಿಷ. ಫೋನೇ ಲೆಕ್ಕ ತೋರಿಸುತ್ತದೆ.

ಆ್ಯಪ್ ಅಳಿಸಿದ್ದೇನೆ, ಮೂರು ಸಲ. ಮತ್ತೆ ಹಾಕಿಕೊಂಡಿದ್ದೇನೆ. ಟೈಮರ್ ಇಟ್ಟಿದ್ದೇನೆ, ಅದು ಮುಗಿದಾಗ ನಾನೇ ಸೆಟ್ಟಿಂಗ್ಸ್‌ಗೆ ಹೋಗಿ ಜಾಸ್ತಿ ಮಾಡಿಕೊಂಡಿದ್ದೇನೆ. ಹೈಸ್ಕೂಲಿನಲ್ಲಿ ಲೈಬ್ರರಿ ಪುಸ್ತಕ ಎರಡು ದಿನಕ್ಕೆ ಮುಗಿಸುತ್ತಿದ್ದೆ. ಈಗ ಎರಡು ಪುಟ ಆಗುವಷ್ಟರಲ್ಲಿ ಕೈ ತಾನಾಗಿ ದಿಂಬಿನ ಕೆಳಗೆ ಹೋಗುತ್ತದೆ. ನನಗೆ ನಿಜವಾಗಿ ಭಯ ಆಗಿದೆ. ಉಪದೇಶ ಬೇಡ, ಮನೆಯಲ್ಲಿ ಸಾಕಷ್ಟು ಸಿಗುತ್ತದೆ. ಹೊರಗೆ ಬಂದವರು ಹೇಗೆ ಬಂದಿರಿ, ಅದನ್ನು ಹೇಳಿ.

ಹಳೇಹುಬ್ಬಳ್ಳಿ:

ನಾನು ಡಿಪ್ಲೊಮಾ ಮಾಡುವಾಗ ಸ್ಮಾರ್ಟ್‌ಫೋನನ್ನು ಅಣ್ಣನಿಗೆ ಕೊಟ್ಟು ಬಟನ್ ಫೋನ್ ಇಟ್ಟುಕೊಂಡಿದ್ದೆ. ನಾಲ್ಕು ತಿಂಗಳು. ಎಲ್ಲರೂ ಹೇಳುವ ಸಲಹೆ ಇದು, ಅದಕ್ಕೆ ಮಾಡಿದವನಾಗಿ ನಡೆದದ್ದನ್ನು ಹೇಳುತ್ತೇನೆ.

ಮೊದಲ ಹತ್ತು ದಿನ ಸಿಟಿ ಬಸ್‌ನಲ್ಲಿ, ಕ್ಯಾಂಟೀನಿನಲ್ಲಿ, ಟಾಯ್ಲೆಟ್ ಮುಂದೆ ಲೈನಿನಲ್ಲಿ ನಿಂತಾಗ, ಕೈ ಜೇಬಿಗೆ ಹೋಗುತ್ತಿತ್ತು, ಸಣ್ಣ ಫೋನ್ ಸಿಕ್ಕಿ ವಾಪಸ್ ಬರುತ್ತಿತ್ತು. ಹತ್ತು ದಿನ ಕಳೆದ ಮೇಲೆ ಅದು ಕಡಿಮೆಯಾಯಿತು. ನಿದ್ದೆ ಸರಿಯಾಯಿತು. ಡ್ರಾಯಿಂಗ್ ಶೀಟ್ ಮುಂದೆ ಎರಡು ಗಂಟೆ ಕೂರಲು ಆಗುತ್ತಿತ್ತು. ಇದು ಸತ್ಯ.

ಆದರೆ ಒಂದು ಪ್ರಾಕ್ಟಿಕಲ್ ಪರೀಕ್ಷೆಯ ಸಮಯ ಬದಲಾದದ್ದನ್ನು ರಾತ್ರಿ ಗ್ರೂಪಿನಲ್ಲಿ ಹಾಕಿದರು, ನೋಟಿಸ್ ಬೋರ್ಡಿನಲ್ಲಿ ಹಾಕಲಿಲ್ಲ. ನಾನು ಮರುದಿನ ಆರಾಮಾಗಿ ಹನ್ನೊಂದಕ್ಕೆ ಹೋದೆ, ಪರೀಕ್ಷೆ ಒಂಬತ್ತಕ್ಕೇ ಶುರುವಾಗಿತ್ತು. ಒಳಗೆ ಬಿಡಲಿಲ್ಲ. ಸ್ಕಾಲರ್‌ಶಿಪ್ ಓಟಿಪಿ, ಯುಪಿಐ, ಎಲ್ಲದಕ್ಕೂ ಬೇರೆಯವರ ಮುಂದೆ ನಿಲ್ಲಬೇಕಾಯಿತು. ಅದಕ್ಕೇ ವಾಪಸ್ ಸ್ಮಾರ್ಟ್‌ಫೋನ್ ತಗೊಂಡೆ. ಒಂದೇ ವಾರಕ್ಕೆ ಮತ್ತೆ ಮೊದಲಿನ ಹಾಗೇ ಆಯಿತು ಅಂದುಕೊಂಡಿರಾ? ಆಗಲಿಲ್ಲ, ಎರಡು ತಿಂಗಳು ಹಿಡಿಯಿತು. ಹಾಗಾಗಿ ಪೂರ್ತಿ ಬಿಡುವುದು ಒಂದು ಉಪವಾಸದ ಹಾಗೆ. ಮಾಡಿದರೆ ಒಳ್ಳೆಯದೇ, ಆದರೆ ಉಪವಾಸ ಮುಗಿದ ಮೇಲೆ ಏನು ಊಟ ಅನ್ನುವುದನ್ನು ಮೊದಲೇ ಯೋಚಿಸಿಕೊಂಡಿರಬೇಕು. ನಾನು ಯೋಚಿಸಿರಲಿಲ್ಲ.

ನೆರಳುಬೆಳಕು:

ಮನಃಶಾಸ್ತ್ರದ ಎಂಎ ವಿದ್ಯಾರ್ಥಿನಿ ನಾನು, ಮೈಸೂರು. ತುಂಗಾತೀರ, ನಿಮ್ಮ ಬರಹ ಓದಿ ಮೊದಲು ಹೇಳಬೇಕು ಅನ್ನಿಸಿದ್ದು, ಇದು ನಿಮ್ಮ ಮನಸ್ಸು ಗಟ್ಟಿ ಇಲ್ಲ ಅನ್ನುವ ವಿಷಯ ಅಲ್ಲವೇ ಅಲ್ಲ.

ಪುಟ ಮುಗಿಯುವುದೇ ಇಲ್ಲ, ಅಲ್ವಾ? ಎಷ್ಟು ಸರಿಸಿದರೂ ಕೆಳಗಿನಿಂದ ಬರುತ್ತಲೇ ಇರುತ್ತದೆ. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ರೂಪಿಸಿದ್ದು ಇದು. ಮುಂದೆ ಅವರೇ ಇದರ ಪರಿಣಾಮ ನೋಡಿ ಪಶ್ಚಾತ್ತಾಪ ಪಟ್ಟು ಬಹಿರಂಗವಾಗಿ ಮಾತಾಡಿದ್ದಾರೆ. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಧಾರಾವಾಹಿಯಲ್ಲಿ ಆ ದಿನದ ಕಂತು ಮುಗಿಯುತ್ತದೆ, ಆಗ ನಾವು ಎದ್ದು ನೀರು ಕುಡಿಯುತ್ತೇವೆ. ಇಲ್ಲಿ ಏಳುವ ಜಾಗವೇ ಇಲ್ಲ.

ಎರಡನೆಯದು, ಸ್ಕಿನ್ನರ್ ಎಂಬ ವಿಜ್ಞಾನಿಯ ಪಾರಿವಾಳಗಳು. ಒಂದು ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆ. ಪ್ರತಿ ಸಲವೂ ಬೀಳುತ್ತಿದ್ದು ಆಮೇಲೆ ನಿಂತರೆ ಪಾರಿವಾಳ ಬೇಗ ಬಿಟ್ಟುಬಿಡುತ್ತದೆ. ಯಾವ ಸಲ ಬೀಳುತ್ತದೆ ಅಂತ ಗೊತ್ತೇ ಆಗದ ಹಾಗೆ ಮಾಡಿದರೆ, ಕಾಳು ಪೂರ್ತಿ ನಿಂತ ಮೇಲೂ ತುಂಬಾ ಹೊತ್ತು ಕುಕ್ಕುತ್ತಲೇ ಇರುತ್ತದೆ. ನಿಮಗೆ ನೆನಪಿದ್ದದ್ದು ಒಂದು ನಾಯಿಮರಿ, ಒಂದು ಡ್ಯಾನ್ಸು. ಅವು ಕಾಳು. ಉಳಿದ ನಾಲ್ಕು ಗಂಟೆ ಬರೀ ಕುಕ್ಕಿದ್ದು.

ನಿಮ್ಮ ಗುಡ್ಡದ ಕಥೆಗೂ ಇದಕ್ಕೂ ಸಂಬಂಧ ಇದೆ. 2020ರ ಜೂನ್ 29ಕ್ಕೆ ನಮ್ಮಲ್ಲಿ ಟಿಕ್‌ಟಾಕ್ ನಿಷೇಧ ಆಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು, ಅದನ್ನು ಮೊದಲು ಪ್ರಯೋಗ ಮಾಡಿದ್ದೇ ಭಾರತದಲ್ಲಿ. ಅದೇ ತಿಂಗಳುಗಳಲ್ಲಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಗೆ ಮೊದಲ ಸಲ ಫೋನ್ ಬಂತು, ಪಾಠಕ್ಕೆ ಅಂತ. ಒಂದೇ ಬಾಗಿಲಿನಿಂದ ಎರಡೂ ಒಳಗೆ ಬಂದವು. ಹದಿನಾಲ್ಕು ವರ್ಷದ ಹುಡುಗಿ ಅದನ್ನು ಬೇರೆ ಬೇರೆ ಮಾಡಿಕೊಳ್ಳಬೇಕಿತ್ತು ಅಂತ ಹೇಗೆ ನಿರೀಕ್ಷಿಸುವುದು?

ಇನ್ನೊಂದು ಮಾತು. 'ಚಟ' ಅನ್ನುವ ಪದವನ್ನು ಸ್ವಲ್ಪ ನೋಡಿ ಬಳಸಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಸಮಸ್ಯೆ ಇದೆ, 2022ರಿಂದ ಜಾರಿಗೆ ಬಂದ ಪಟ್ಟಿ ಅದು. ಸ್ಮಾರ್ಟ್‌ಫೋನ್ ಚಟ ಅನ್ನುವ ಹೆಸರಿನ ರೋಗ ಅದರಲ್ಲಿಲ್ಲ. ಹಾಗಂತ ನಿಮ್ಮ ತೊಂದರೆ ಸುಳ್ಳಲ್ಲ. ನಾನು ರೋಗಿ ಅಂತ ತಲೆಗೆ ಹಚ್ಚಿಕೊಳ್ಳುವುದಕ್ಕಿಂತ, ರಾತ್ರಿ ಹತ್ತೂವರೆಯಿಂದ ಮೂರರ ತನಕ ಏನಾಗುತ್ತಿದೆ ಅಂತ ನೋಡಿದರೆ ಕೆಲಸ ಸುಲಭ ಅಂತ ಅಷ್ಟೇ.

ತುಂಗಾತೀರ:

ಓದಿ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಎಲ್ಲರೂ ಸೋಮಾರಿ ಅಂತಲೇ ಅಂದಿದ್ದರು.

ಒಂದು ಕೇಳಬೇಕು. ಸ್ನ್ಯಾಪ್‌ಚಾಟ್‌ನಲ್ಲಿ ಒಬ್ಬಳ ಜೊತೆ ನನ್ನ ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪದೆ ಫೋಟೋ ಕಳಿಸಿಕೊಂಡ ದಿನಗಳ ಎಣಿಕೆ, 600 ದಾಟಿದೆ. 24 ಗಂಟೆಯೊಳಗೆ ಇಬ್ಬರೂ ಕಳಿಸದಿದ್ದರೆ ಹೋಗಿಬಿಡುತ್ತದೆ, ಅದಕ್ಕೆ ಮುಂಚೆ ಹೆಸರಿನ ಪಕ್ಕ ಮರಳುಗಡಿಯಾರ ಬರುತ್ತದೆ. ಅದನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ನಾವು ಕಳಿಸುವುದು ಏನು ಗೊತ್ತಾ, ಗೋಡೆಯ ಫೋಟೋ, ಫ್ಯಾನಿನ ಫೋಟೋ. ಅವಳು ಪಿಯುಸಿಯಲ್ಲಿ ನನ್ನ ಜೀವದ ಗೆಳತಿ, ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಬಿಟ್ಟರೆ ಅವಳಿಗೆ ಬೇಜಾರಾಗುತ್ತದೆ ಅಂತ ಭಯ.

ನೆರಳುಬೆಳಕು:

ಅವಳಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಮಾತಾಡಿ. ಬಹುಶಃ ಅವಳೂ ಇದೇ ಭಯದಲ್ಲಿ ಫ್ಯಾನಿನ ಫೋಟೋ ತೆಗೆಯುತ್ತಿರಬಹುದು.

ಕಾಯಕ:

ಎಲ್ಲರೂ ಫೋನನ್ನು ಬೈಯುತ್ತಿದ್ದೀರಿ, ನನಗೆ ಸ್ವಲ್ಪ ನೋವಾಗುತ್ತದೆ. ನಾನು ರಾಯಚೂರಿನ ಕಡೆಯವನು. ಅಪ್ಪ ಪಂಕ್ಚರ್ ಅಂಗಡಿ. ಕೋಚಿಂಗ್‌ಗೆ ಕೊಡಲು ದುಡ್ಡಿರಲಿಲ್ಲ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಗದಿದ್ದರೆ ನಾನು ಕೋಡಿಂಗ್ ಕಲಿಯುತ್ತಲೇ ಇರಲಿಲ್ಲ, ಇವತ್ತು ಈ ಕೆಲಸದಲ್ಲೂ ಇರುತ್ತಿರಲಿಲ್ಲ. ಅಂಗಡಿಯ ಟ್ಯೂಬುಗಳ ಮಧ್ಯೆ ಕೂತು ಆರು ಇಂಚಿನ ಸ್ಕ್ರೀನಿನಲ್ಲಿ ಪ್ರೋಗ್ರಾಂ ಬರೆದು ಕಲಿತೆ. ಊರಿನ ಹುಡುಗರಿಗೆ ಫೋನ್ ಬಿಡಿ ಅನ್ನುವುದು ಸಿಟಿಯಲ್ಲಿ ಕೋಚಿಂಗ್, ಲೈಬ್ರರಿ ಎಲ್ಲ ಇರುವವರ ಮಾತು.

ಆದರೆ ತುಂಗಾತೀರ ಹೇಳಿದ್ದು ನನಗೂ ಆಗಿತ್ತು. ನಾನು ಕಂಡುಕೊಂಡದ್ದು ಇಷ್ಟು: ಹುಡುಕಿಕೊಂಡು ಹೋಗಿ ನೋಡಿದ್ದು ಯಾವತ್ತೂ ನನ್ನನ್ನು ಹಾಳು ಮಾಡಲಿಲ್ಲ. ಅದು ತಾನಾಗಿ ಮುಂದೆ ತಂದಿಟ್ಟದ್ದು ಹಾಳು ಮಾಡಿತು. ಆದ್ದರಿಂದ ತಂದಿಡುವ ಬಾಗಿಲುಗಳನ್ನು ಮುಚ್ಚಿದೆ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ, ಅಂದರೆ ನೋಡಿದ ವಿಡಿಯೋಗಳ ದಾಖಲೆ, ಆಫ್ ಮಾಡಿ, ಹಳೆಯದನ್ನು ಅಳಿಸಿಬಿಡಿ. ಹೋಮ್ ಪೇಜ್ ಪೂರ್ತಿ ಖಾಲಿಯಾಗುತ್ತದೆ. ಬರೀ ಹುಡುಕುವ ಜಾಗ ಉಳಿಯುತ್ತದೆ. ಮೊದಲ ದಿನ ಆ ಬಿಳಿ ಪುಟ ನೋಡಿ ನನಗೆ ಏನೋ ಕಳೆದುಕೊಂಡ ಹಾಗಾಯಿತು, ಆಮೇಲೆ ಅದೇ ರೂಢಿ ಆಯಿತು. ಇನ್‌ಸ್ಟಾಗ್ರಾಂ ಬೇಕೇ ಬೇಕಾದರೆ ಆ್ಯಪ್ ತೆಗೆದು ಬ್ರೌಸರ್‌ನಲ್ಲಿ ನೋಡಿ, ಪ್ರತಿ ಸಲ ಲಾಗ್ ಔಟ್ ಮಾಡಿ. ಪಾಸ್‌ವರ್ಡ್ ಟೈಪ್ ಮಾಡುವ ಹೊತ್ತಿಗೆ ಅರ್ಧ ಸಲ ಬೇಡ ಅನ್ನಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಇದೆ, ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಹುಡುಕಿ. ಪಿಡಿಎಫ್ ತೆರೆದು ಪಿನ್ ಮಾಡಿದರೆ ಲಾಕ್ ಬಿಡಿಸದೆ ಬೇರೆ ಆ್ಯಪ್‌ಗೆ ಹೋಗಲು ಆಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಗೆ ಇದು ಬಹಳ ಉಪಯೋಗ.

ಹಳೇಹುಬ್ಬಳ್ಳಿ:

ವಾಚ್ ಹಿಸ್ಟರಿ ವಿಷಯ ಗೊತ್ತಿರಲಿಲ್ಲ. ಈಗಲೇ ಮಾಡಿದೆ. ನಿಜ, ಪೂರ್ತಿ ಖಾಲಿ.

ದಾವಣಗೆರೆಅಮ್ಮ:

ಮಕ್ಕಳೇ, ನಾನು ತಾಯಿ. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ನನ್ನಿಂದ ಆದ ತಪ್ಪು ಬೇರೆ ಮನೆಯಲ್ಲಿ ಆಗಬಾರದು ಅಂತ ಬರೆಯುತ್ತೇನೆ.

ಮಗ ಎರಡನೇ ಪಿಯುಸಿ ಇದ್ದಾಗ ಕಾಲೇಜಿನಿಂದ ಬಂದವನು ರೂಮು ಸೇರಿದರೆ ಹೊರಗೆ ಬರುತ್ತಿರಲಿಲ್ಲ. ಗೇಮ್. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತು. ಒಂದು ದಿನ ಸಿಟ್ಟು ತಡೆಯಲಾಗದೆ ಫೋನ್ ಕಿತ್ತುಕೊಂಡು ಅಡುಗೆಮನೆಯ ಮೇಲಿನ ಸಜ್ಜೆಯಲ್ಲಿ, ರಾಗಿಹಿಟ್ಟಿನ ದೊಡ್ಡ ಡಬ್ಬದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟೆ. ಅವನು ಎರಡು ದಿನ ಊಟ ಮಾಡಲಿಲ್ಲ. ಮೂರನೇ ರಾತ್ರಿ ನನಗೆ ಎಚ್ಚರವಾಗಿ ಅಡುಗೆಮನೆಗೆ ಹೋದರೆ, ನೆಲದ ಮೇಲೆ ಹಿಟ್ಟು ಚೆಲ್ಲಿತ್ತು, ಅವನು ಸ್ಟೂಲ್ ಪಕ್ಕ ಕೂತು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಅಳುತ್ತಿದ್ದ. ಫೋನ್ ಕೈಯಲ್ಲಿತ್ತು, ಆದರೆ ಆನ್ ಮಾಡಿರಲಿಲ್ಲ. ನನ್ನ ಮಗ ನನಗೆ ಹೆದರಿ ಕಳ್ಳನ ಹಾಗೆ ನಮ್ಮ ಅಡುಗೆಮನೆಯಲ್ಲೇ ಕೂತಿದ್ದಾನಲ್ಲ ಅಂತ ಎದೆ ಒಡೆದು ಹೋಯಿತು. ಅವನ ಪಕ್ಕ ನಾನೂ ಕೂತೆ. ಆಗ ಅವನು ಹೇಳಿದ ಮಾತು, ಅಮ್ಮಾ ನೀನು ರಾತ್ರಿ ಹನ್ನೊಂದರ ತನಕ ಫೋನ್‌ನಲ್ಲಿ ಸೀರೆ ನೋಡುತ್ತೀಯ, ಅಪ್ಪ ಊಟ ಮಾಡುವಾಗಲೂ ವಿಡಿಯೋ ನೋಡುತ್ತಾರೆ, ನನ್ನೊಬ್ಬನದು ಮಾತ್ರ ಯಾಕೆ ಕಿತ್ತುಕೊಂಡೆ?

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಮೇಲೆ ಪೇಪರಿನಲ್ಲಿ ಓದಿದ್ದೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಅನ್ನುವ ಊರಿನಲ್ಲಿ 2022ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಸಂಜೆ ಏಳಕ್ಕೆ ಗುಡಿಯ ಸೈರನ್ ಕೂಗುತ್ತದೆ, ಇಡೀ ಊರು ಟಿವಿ, ಮೊಬೈಲ್ ಬಂದ್ ಮಾಡುತ್ತದೆ, ಎಂಟೂವರೆಗೆ ಮತ್ತೆ ಕೂಗುತ್ತದೆ. ನಮ್ಮ ಬೆಳಗಾವಿ ಹತ್ತಿರದ ಹಲಗಾದಲ್ಲೂ ಇಂಥದ್ದೇ ಮಾಡಿದ್ದಾರೆ. ಮಕ್ಕಳಿಗೆ ಮಾತ್ರ ಅಲ್ಲ, ಎಲ್ಲರಿಗೂ. ಅದು ನನಗೆ ಹಿಡಿಸಿತು. ನಮ್ಮ ಮನೆಯಲ್ಲಿ ಸೈರನ್ ಇಲ್ಲ. ಏಳೂವರೆಗೆ ನಾನು ದೇವರ ದೀಪ ಹಚ್ಚುವಾಗ ಮೂವರ ಫೋನೂ ಫ್ರಿಡ್ಜ್ ಮೇಲಿನ ಬುಟ್ಟಿಗೆ ಹೋಗುತ್ತದೆ, ಒಂಬತ್ತೂವರೆಗೆ ವಾಪಸ್. ಅವರಪ್ಪನಿಗೆ ಮೊದಲ ವಾರ ಬಹಳ ಕಷ್ಟ ಆಯಿತು, ಮಗನಿಗಿಂತ ಜಾಸ್ತಿ. ಮಗ ಪಿಯುಸಿ ಪಾಸಾದ, ಫಸ್ಟ್ ಕ್ಲಾಸ್ ಏನೂ ಅಲ್ಲ. ಆದರೆ ಈಗಲೂ ಊಟ ಮೂವರೂ ಒಟ್ಟಿಗೆ ಮಾಡುತ್ತೇವೆ, ಅವನು ನನ್ನ ಹತ್ತಿರ ಮಾತಾಡುತ್ತಾನೆ.

ಗಣಿತಮೇಷ್ಟ್ರು:

ನಾನು ಪಿಯು ಉಪನ್ಯಾಸಕ. ಹಳೇಹುಬ್ಬಳ್ಳಿಯವರ ಪ್ರಾಕ್ಟಿಕಲ್ ಕಥೆ ಓದಿ ನಾಚಿಕೆಯಾಯಿತು, ಯಾಕೆಂದರೆ ನಾವೂ ಹೀಗೇ ಮಾಡುತ್ತಿದ್ದೆವು. ಲಾಕ್‌ಡೌನ್‌ನಲ್ಲಿ ಬೇರೆ ದಾರಿ ಇರಲಿಲ್ಲ. ಚಂದನ ಟಿವಿಯಲ್ಲಿ ಶಾಲೆಯ ಮಕ್ಕಳಿಗೆ ಸಂವೇದ ಅನ್ನುವ ಪಾಠ ಬರುತ್ತಿತ್ತು, ಆದರೆ ನಮ್ಮ ನಮ್ಮ ಕ್ಲಾಸಿನ ಕೆಲಸಕ್ಕೆ ವಾಟ್ಸಾಪೇ ಗತಿ. ಕಾಲೇಜು ತೆರೆದ ಮೇಲೂ ಅಭ್ಯಾಸ ಬಿಡಲಿಲ್ಲ. ರಾತ್ರಿ ಹನ್ನೊಂದಕ್ಕೆ ನೆನಪಾದರೆ ಹನ್ನೊಂದಕ್ಕೇ ನೋಟ್ಸ್ ಹಾಕುವುದು, ಬೆಳಿಗ್ಗೆ ಮಕ್ಕಳನ್ನು ನಿಲ್ಲಿಸಿ ಫೋನ್ ಜಾಸ್ತಿ ನೋಡುತ್ತೀರಿ ಅಂತ ಬೈಯುವುದು. ಗ್ರೂಪ್ ನೋಡಲೇಬೇಕು ಅಂತ ಮಾಡಿದವರು ನಾವೇ ಅಲ್ಲವೇ?

ಕಳೆದ ವರ್ಷ ನಮ್ಮ ವಿಭಾಗದ ನಾಲ್ವರು ಕೂತು ತೀರ್ಮಾನ ಮಾಡಿದೆವು. ನೋಟ್ಸ್ ಜೆರಾಕ್ಸ್ ಅಂಗಡಿಯಲ್ಲಿ ಇಡುವುದು. ಸೂಚನೆ ಏನಿದ್ದರೂ ಬೋರ್ಡಿನಲ್ಲಿ ಬರೆಯುವುದು. ಗ್ರೂಪಿನಲ್ಲಿ ಸಂಜೆ ಐದಕ್ಕೆ ಒಂದೇ ಮೆಸೇಜು, ಅದರ ನಂತರ ಏನೂ ಇಲ್ಲ. ಒಬ್ಬ ಹುಡುಗಿ ಬಂದು, ಸರ್ ಈಗ ನಾನು ಐದೂಕಾಲಿಗೆ ನೋಡಿ ಅಪ್ಪನಿಗೆ ಫೋನ್ ಕೊಟ್ಟುಬಿಡುತ್ತೇನೆ ಅಂದಳು.

ಇನ್ನೊಂದು, ಏಕಾಗ್ರತೆ ವಿಷಯ. ಕೆಸಿಇಟಿಯಲ್ಲಿ ಒಂದೊಂದು ಪೇಪರಿಗೆ 80 ನಿಮಿಷ, 60 ಪ್ರಶ್ನೆ. ನನ್ನ ಮಕ್ಕಳಿಗೆ ಲೆಕ್ಕ ಬರುತ್ತದೆ, 80 ನಿಮಿಷ ಕೂರಲು ಬರುವುದಿಲ್ಲ. ಅರ್ಧ ಗಂಟೆಗೆ ತಲೆ ಎತ್ತುತ್ತಾರೆ, ಕೈ ಡೆಸ್ಕಿನ ಕೆಳಗೆ ತಡಕಾಡುತ್ತದೆ, ಅಲ್ಲಿ ಫೋನ್ ಇಲ್ಲದಿದ್ದರೂ! ಅದಕ್ಕೆ ನಾನು ಮೊದಲ ವಾರ 20 ನಿಮಿಷ ಮಾತ್ರ ಕೂರಿಸುತ್ತೇನೆ. ಆಮೇಲೆ 30, 45. ಓಡುವವರಿಗೆ ಮೊದಲ ದಿನವೇ ಹತ್ತು ಕಿಲೋಮೀಟರ್ ಹೇಳುತ್ತೇವೆಯೇ? ತುಂಗಾತೀರ, ಎರಡು ಪುಟಕ್ಕೆ ಕೈ ಹೋಗುತ್ತದೆ ಅಂದಿರಲ್ಲ, ಹಾಗಾದರೆ ನಾಳೆ ಮೂರು ಪುಟ ಓದಿ ನಿಲ್ಲಿಸಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಸುಮಾರು 800 ಜನರ ಮೇಲೆ ಪ್ರಯೋಗ ಮಾಡಿ, ಫೋನ್ ಸೈಲೆಂಟಾಗಿ ಮೇಜಿನ ಮೇಲಿದ್ದವರಿಗಿಂತ ಬೇರೆ ಕೋಣೆಯಲ್ಲಿಟ್ಟವರು ಚೆನ್ನಾಗಿ ಉತ್ತರಿಸಿದರು ಅಂತ ತೋರಿಸಿದ್ದರು. ಮುಂದೆ ಇದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲ ಸಿಕ್ಕಿಲ್ಲ, ಅದನ್ನೂ ಹೇಳಬೇಕು. ಆದರೆ ನನ್ನ ಕ್ಲಾಸಿನಲ್ಲಿ ನಾನು ಕಣ್ಣಾರೆ ನೋಡುತ್ತಿರುವುದು ಅದನ್ನೇ.

ಮೌನಿ:

ತುಂಬಾ ಯೋಚಿಸಿ ಬರೆಯುತ್ತಿದ್ದೇನೆ. ಮೇಲಿನ ಉಪಾಯಗಳು ಎಲ್ಲವೂ ಒಳ್ಳೆಯವು, ಆದರೆ ನನಗೆ ಒಂದೂ ಕೆಲಸ ಮಾಡಲಿಲ್ಲ. ಯಾಕೆಂದರೆ ನನ್ನದು ಫೋನಿನ ತೊಂದರೆ ಆಗಿರಲಿಲ್ಲ.

ಇಂಜಿನಿಯರಿಂಗ್ ಮೊದಲ ಸೆಮ್‌ನಲ್ಲಿ ನಾಲ್ಕು ವಿಷಯ ಬ್ಯಾಕ್ ಆಯಿತು. ಕನ್ನಡ ಮೀಡಿಯಂನಿಂದ ಬಂದವನು, ಕ್ಲಾಸಿನಲ್ಲಿ ಒಂದೂ ಅರ್ಥ ಆಗುತ್ತಿರಲಿಲ್ಲ, ಕೇಳಲು ಬಾಯಿ ಬರುತ್ತಿರಲಿಲ್ಲ. ಪಿಜಿಯಲ್ಲಿ ಗೋಡೆ ಕಡೆ ತಿರುಗಿ ದಿನಕ್ಕೆ ಹನ್ನೆರಡು ಗಂಟೆ ನೋಡುತ್ತಿದ್ದೆ. ಖುಷಿಯಾಗಿ ನೋಡಲಿಲ್ಲ. ಫೋನ್ ಕೆಳಗಿಟ್ಟರೆ ತಲೆಯಲ್ಲಿ ಬರುವ ಯೋಚನೆಗಳನ್ನು ತಡೆಯಲು ಆಗುತ್ತಿರಲಿಲ್ಲ, ಅದಕ್ಕೆ ನೋಡುತ್ತಿದ್ದೆ. ಬದುಕೇ ಬೇಡ ಅನ್ನುವ ಹಂತಕ್ಕೆ ಹೋಗಿದ್ದೆ.

ರೂಮ್‌ಮೇಟ್ ಒಬ್ಬ 14416ಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ನನ್ನ ಮಾತು ಮುಗಿಯುವ ತನಕ ಕಾದರು. ಆಮೇಲೆ ನಿಮ್ಹಾನ್ಸ್‌ಗೆ ಹೋದೆ. ಅಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ಇದೆ, ತಂತ್ರಜ್ಞಾನದ ಆರೋಗ್ಯಕರ ಬಳಕೆಗೆ ಅಂತಲೇ ಇರುವುದು. ಫೋನ್ ಕಿತ್ತುಕೊಳ್ಳುತ್ತಾರೆ ಅಂತ ಹೆದರಿದ್ದೆ. ಯಾರೂ ಕಿತ್ತುಕೊಳ್ಳಲಿಲ್ಲ. ಫೋನ್ ಕೈಗೆ ತಗೊಳ್ಳುವ ಮುಂಚಿನ ಒಂದು ನಿಮಿಷ ಮನಸ್ಸಿನಲ್ಲಿ ಏನಿತ್ತು ಅಂತ ಬರೆಯಲು ಹೇಳಿದರು. ಒಂದು ವಾರದ ಚೀಟಿ ನೋಡಿದರೆ ಹತ್ತರಲ್ಲಿ ಎಂಟು ಕಡೆ ಒಂದೇ ಪದ ಬರೆದಿದ್ದೆ, ಭಯ.

ಭಯಕ್ಕೆ ಚಿಕಿತ್ಸೆ ಆಯಿತು. ಫೋನ್ ತಾನಾಗಿ ಕಡಿಮೆಯಾಯಿತು. ತುಂಗಾತೀರ, ನಿಮ್ಮದು ಹಾಗಿರಬೇಕು ಅಂತ ಹೇಳುತ್ತಿಲ್ಲ. ಇದನ್ನು ಓದುವ ಬೇರೆ ಯಾರಾದರೂ ಗೋಡೆ ಕಡೆ ತಿರುಗಿ ಮಲಗಿದ್ದರೆ, ಆ ನಂಬರಿಗೆ ಇವತ್ತೇ ಮಾಡಿ.

ದಾವಣಗೆರೆಅಮ್ಮ:

ಮೌನಿ, ನಿನ್ನ ರೂಮ್‌ಮೇಟ್ ಹುಡುಗನನ್ನು ಹೆತ್ತ ತಾಯಿಗೆ ನನ್ನ ನಮಸ್ಕಾರ. ಚೆನ್ನಾಗಿರಪ್ಪ.

ತುಂಗಾತೀರ:

ಇಪ್ಪತ್ತಮೂರು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದುಕೊಂಡೆ, ಮತ್ತೆ ಮತ್ತೆ ಫೋನ್ ತೆರೆಯಬಾರದು ಅಂತ.

ಮೊದಲು ಮಂಗಳೂರಿನ ಗೆಳತಿಗೆ ಫೋನ್ ಮಾಡಿದೆ. ಸ್ಟ್ರೀಕ್ ಬಿಡೋಣವಾ ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅವಳು, ಅಯ್ಯೋ ನಾನೇ ಎಷ್ಟು ದಿನದಿಂದ ಹೇಳಬೇಕು ಅಂತಿದ್ದೆ ಕಣೇ ಅಂದಳು. ಐವತ್ತು ನಿಮಿಷ ಮಾತಾಡಿದೆವು. ಅವಳಿಗೆ ಅಲ್ಲಿಯ ಊಟ ಹಿಡಿಸದೆ ಆರೋಗ್ಯ ಕೆಟ್ಟಿತ್ತಂತೆ, 600 ದಿನ ದಿನಾ ಫೋಟೋ ಕಳಿಸಿಕೊಂಡ ನನಗೆ ಅದು ಗೊತ್ತೇ ಇರಲಿಲ್ಲ. ಈಗ ಪ್ರತಿ ಭಾನುವಾರ ಸಂಜೆ ಮಾತಾಡುತ್ತೇವೆ.

ಫೋನ್ ಬೇರೆ ಕೋಣೆಯಲ್ಲಿಡಿ ಅಂದಿರಿ, ಹಾಸ್ಟೆಲ್‌ನಲ್ಲಿ ಬೇರೆ ಕೋಣೆ ಎಲ್ಲಿ? ನಮ್ಮ ರೂಮಿನ ಮೂವರಲ್ಲಿ ಒಬ್ಬಳ ಹತ್ತಿರ ಅಜ್ಜಿಯ ಕಾಲದ ತಗಡಿನ ಟ್ರಂಕ್ ಇದೆ, ಬೀಗ ಹಾಕುವಂಥದ್ದು. ಮುಚ್ಚಳ ತೆಗೆದರೆ ಕಿರ್ ಅಂತ ಜೋರಾಗಿ ಸದ್ದು ಮಾಡುತ್ತದೆ, ರಾತ್ರಿ ಯಾರೇ ತೆಗೆದರೂ ಉಳಿದಿಬ್ಬರಿಗೂ ಎಚ್ಚರ. ಈಗ ಒಂಬತ್ತೂವರೆಗೆ ಮೂರೂ ಫೋನ್ ಅದರೊಳಗೆ. ಅಲಾರಂಗೆ ಫೋನ್ ಬೇಕಲ್ಲ ಅಂತ ಒಂದು ನೆಪ ಇತ್ತು, ಗಾಂಧಿ ಬಜಾರಿಗೆ ಹೋಗಿ 220 ರೂಪಾಯಿಗೆ ಅಲಾರಂ ಗಡಿಯಾರ ತಂದೆವು. ನೋಟ್ಸ್ ಎಲ್ಲ ಜೆರಾಕ್ಸ್ ಮಾಡಿಸಿದೆ. ತಿಂಗಳಿಗೆ ನೂರೈವತ್ತು ರೂಪಾಯಿ ಖರ್ಚು ಬರುತ್ತದೆ, ಅಪ್ಪನಿಗೆ ಹೇಳಿದೆ, ಯಾಕೆ ಅಂತಲೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಆಯ್ತು ಮಗಾ ಅಂದರು.

ಮೊದಲ ನಾಲ್ಕು ರಾತ್ರಿ ಬಹಳ ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ನಿದ್ದೆ ಬರಲಿಲ್ಲ, ಕೈಗೆ ಏನು ಮಾಡಬೇಕು ಗೊತ್ತಾಗಲಿಲ್ಲ, ಹೊರಗೆ ಲಾರಿ ಹೋಗುವುದನ್ನು ಕೇಳುತ್ತಾ ಮಲಗಿದ್ದೆ. ಎಷ್ಟೋ ದಿನದಿಂದ ನೆನಪಾಗದ ಅಜ್ಜಿ ನೆನಪಾದರು. ಐದನೇ ರಾತ್ರಿ ನಾವು ಮೂವರೂ ಕತ್ತಲಲ್ಲಿ ಮಾತಾಡುತ್ತಾ ಮಲಗಿದೆವು. ಒಂದೂವರೆ ವರ್ಷದಿಂದ ಒಂದೇ ರೂಮಿನಲ್ಲಿದ್ದೇವೆ, ಒಬ್ಬಳಿಗೆ ತಮ್ಮ ಇದ್ದದ್ದು ನನಗೆ ಅವತ್ತು ಗೊತ್ತಾಯಿತು.

ಹನ್ನೆರಡನೇ ದಿನ, ಭಾನುವಾರ, ಇಬ್ಬರೂ ಊರಿಗೆ ಹೋಗಿದ್ದರು. ಮಧ್ಯಾಹ್ನ ಊಟ ಆದ ಮೇಲೆ ತೆಗೆದವಳು ಕತ್ತಲಾಗುವ ತನಕ ನೋಡಿದೆ. ಐದು ಗಂಟೆ. ಎಲ್ಲ ಮುಗಿಯಿತು ಅನ್ನಿಸಿತು. ಮೌನಿಯವರ ಮಾತು ನೆನಪಾಗಿ ನೋಟ್‌ಬುಕ್ಕಿನಲ್ಲಿ ಬರೆದೆ, ತೆಗೆಯುವ ಮುಂಚೆ ಏನಿತ್ತು ಅಂತ. ಖಾಲಿ ರೂಮು, ಬೇಜಾರು, ಒಬ್ಬಳೇ. ಈಗ ಅಂಥ ಭಾನುವಾರ ಬಂದರೆ ತುಂಗಾ ಹೊಳೆ ಕಡೆ ನಡೆದು ಹೋಗುತ್ತೇನೆ, ಇಲ್ಲವೇ ಸಿಟಿ ಲೈಬ್ರರಿ.

ಲೆಕ್ಕ ಹೇಳಬೇಕು ಅಲ್ವಾ. ಕಳೆದ ವಾರ ದಿನಕ್ಕೆ 3 ಗಂಟೆ 10 ನಿಮಿಷ ಬಂದಿದೆ. ಇನ್ನೂ ಜಾಸ್ತಿಯೇ. ಆದರೆ ರಾತ್ರಿ ಹತ್ತರ ನಂತರ ಸೊನ್ನೆ. ನಿನ್ನೆ ಒಂದೇ ಸಲ ಕೂತು ಹದಿನಾಲ್ಕು ಪುಟ ಓದಿದೆ. ಮತ್ತೆ, ದಿಂಬನ್ನು ತಲೆ ಕಡೆಗೆ ಹಾಕಿಕೊಂಡಿದ್ದೇನೆ. ಅಲ್ಲಿಂದ ಕಿಟಕಿ ಕಾಣುತ್ತದೆ, ಇಷ್ಟು ದಿನ ಗಮನಿಸಿರಲೇ ಇಲ್ಲ.

ಈಗ 9:20. ಇದನ್ನು ಕಳಿಸಿ ಫೋನ್ ಟ್ರಂಕಿಗೆ ಹಾಕುತ್ತೇನೆ. ಉತ್ತರ ಬರೆದರೆ ಬೆಳಿಗ್ಗೆ ನೋಡುತ್ತೇನೆ.

ಸೆಕೆಂಡ್ ಪಿಯು ಕೋಲಾರ:

ಅಕ್ಕಾ, ಎಲ್ಲ ಓದಿದೆ. ನಾನೂ ಹಾಸ್ಟೆಲ್. ನಮ್ಮ ರೂಮಿನಲ್ಲಿ ನಾಲ್ವರು, ಇಬ್ಬರು ಒಪ್ಪುತ್ತಾರೆ, ಒಬ್ಬ ಒಪ್ಪುವುದಿಲ್ಲ, ಅವನು ರಾತ್ರಿ ಜೋರಾಗಿ ಗೇಮ್ ಆಡುತ್ತಾನೆ. ಏನು ಮಾಡುವುದು? ಗಡಿಯಾರ ಯಾವುದು ತಗೊಂಡಿರಿ?

ತುಂಗಾತೀರ:

ಶುಭೋದಯ. ಬೆಳಿಗ್ಗೆ ಆರೂಕಾಲು ಈಗ, ಟ್ರಂಕ್ ಈಗಷ್ಟೇ ತೆಗೆದೆವು. ನಮ್ಮಲ್ಲೂ ಒಬ್ಬಳು ಮೊದಲ ವಾರ ಒಪ್ಪಿರಲಿಲ್ಲ. ಅವಳನ್ನು ಒತ್ತಾಯ ಮಾಡಲಿಲ್ಲ, ನಾವಿಬ್ಬರು ಇಟ್ಟೆವು. ರಾತ್ರಿ ನಮ್ಮ ಜೊತೆ ಮಾತಾಡುತ್ತಾ ಮಲಗಲು ಶುರು ಮಾಡಿದ ಮೇಲೆ ಅವಳೇ ಎಂಟನೇ ದಿನ ತಂದು ಹಾಕಿದಳು. ನೀವು ಮೂವರಿಂದ ಶುರು ಮಾಡಿ. ಅವನಿಗೆ ಇಯರ್‌ಫೋನ್ ಹಾಕಿಕೋ ಅಂತ ಮಾತ್ರ ಕೇಳಿ, ಜಗಳ ಬೇಡ. ಗಡಿಯಾರ ಸಾದಾ ಸೆಲ್ ಹಾಕುವಂಥದ್ದು. ಅಂಗಡಿಯಲ್ಲೇ ಕಿವಿಗಿಟ್ಟು ನೋಡಿ ತಗೊಳ್ಳಿ, ಕೆಲವು ತುಂಬಾ ಸದ್ದು ಮಾಡುತ್ತವೆ. ನಮ್ಮದನ್ನು ರಾತ್ರಿ ಟವೆಲ್ ಸುತ್ತಿ ಇಡುತ್ತೇವೆ, ಅಲಾರಂ ಆದರೂ ಕೇಳಿಸುತ್ತದೆ.